ಗಿರಿಯಪ್ಪನ ಕಾರು ಕೆಮ್ಮಿದ ದಿನ

ಪೆಟ್ರೋಲು ಹಾಕಿಸಿಕೊಂಡು ಆಂಧ್ರದ ಗಡಿಯ ಕಲ್ಯಾಣದುರ್ಗ ಬಿಟ್ಟ ಕಾರು ಆರು ಕಿಲೋಮೀಟರ್ ನೆಟ್ಟಗೆ ಓಡಿ ಏಳನೆಯದರಲ್ಲಿ ಕೆಮ್ಮಿತು. ಒಂದು ಸಲ ಕೆಮ್ಮಿ ಸುಮ್ಮನಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ದುಡಿದ ಕಾರು, ಅದಕ್ಕೂ ಬೆಳಿಗ್ಗೆ ಎದ್ದಾಗ ಗಂಟಲು ಕಟ್ಟುವುದುಂಟು. ಆದರೆ ಅದು ಮತ್ತೆ ಕೆಮ್ಮಿತು, ಮುಗ್ಗರಿಸಿತು, ಆಕ್ಸಿಲರೇಟರ್ ಒತ್ತಿದರೆ ಮುಂದಕ್ಕೆ ಹೋಗುವ ಬದಲು ಮೈ ಕೊಡವಿತು. ಸ್ಟಿಯರಿಂಗ್ ಹಿಡಿದಿದ್ದ ಪದ್ಮಲತಾಳಿಗೆ ಇದೆಲ್ಲ ತಿಳಿಯುತ್ತಿತ್ತು. ಆದರೆ ಯಾರದೋ ಕಾರಿನಲ್ಲಿ ಯಾರಿಗೋ ಆಗುತ್ತಿರುವುದನ್ನು ದೂರದಿಂದ ನೋಡುತ್ತಿರುವ ಹಾಗೆ ತಿಳಿಯುತ್ತಿತ್ತು. ಹದಿನೆಂಟು ದಿನದಿಂದ ಅವಳಿಗೆ ಎಲ್ಲವೂ ಹೀಗೇ ಆಗಿತ್ತು.

ಹದಿನೆಂಟು ದಿನದ ಹಿಂದೆ ಅವಳ ಅಪ್ಪ ಗಿರಿಯಪ್ಪ ಇದೇ ಕಾರಿನಲ್ಲಿ, ಇದೇ ಸೀಟಿನಲ್ಲಿ, ಇದೇ ರಸ್ತೆಯಲ್ಲಿ ತೀರಿಕೊಂಡಿದ್ದ. ಎದೆ ಹಿಡಿದುಕೊಂಡಿತಂತೆ. ಬಾಡಿಗೆ ಕಾರು ಓಡಿಸಿ ಬದುಕಿದ ಮನುಷ್ಯ ಸಾಯುವ ಹೊತ್ತಿಗೂ ಡ್ರೈವರಿಕೆ ಬಿಡಲಿಲ್ಲ. ಕಾರನ್ನು ಬೇವಿನ ಮರದ ನೆರಳಿಗೆ ತಂದು, ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು ಆಮೇಲೆ ಕಣ್ಣು ಮುಚ್ಚಿದ್ದ. ಹಿಂದೂಪುರದಲ್ಲಿ ಸಂಸಾರ ಮಾಡಿಕೊಂಡಿದ್ದ ಪದ್ಮಲತಾಳಿಗೆ ಫೋನು ಬಂದಾಗ ಅವಳು ಒಲೆ ಆರಿಸಿ, ಸಿಲಿಂಡರ್ ತಿರುಗಿಸಿ, ಗಂಡ ರಾಜೇಶನ ಊಟದ ಡಬ್ಬಿ ಕಟ್ಟಿಟ್ಟು ಹೊರಟಿದ್ದಳು. ಒಬ್ಬಳೇ ಮಗಳು. ಶಾಮಿಯಾನದವನಿಗೆ ಹೇಳಿದವಳು ಅವಳೇ, ಬಂದವರಿಗೆ ಕಾಫಿ ಕೊಟ್ಟವಳು ಅವಳೇ. ಅಳಲಿಲ್ಲ. ಸಾವಿನ ಮನೆಯ ಹೆಂಗಸರಿಗೆ ಇದು ಸರಿ ಬೀಳಲಿಲ್ಲ. ಅಳಿಸಿಬಿಡಿ ಅವಳನ್ನ, ಒಳಗೇ ಇಟ್ಟುಕೊಂಡರೆ ಕೇಡು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಚಿಕ್ಕಮ್ಮ ಒಬ್ಬಳು ತಬ್ಬಿಕೊಂಡು ಹಾಡಿ ಹಾಡಿ ಅತ್ತಳು. ಪದ್ಮಲತಾ ಆ ಚಿಕ್ಕಮ್ಮನ ಬೆನ್ನು ಸವರಿ, ನೀರು ತಂದುಕೊಟ್ಟು ಸಮಾಧಾನ ಮಾಡಿದಳು. ಇನ್ನೇನು ಮಾಡುತ್ತಾರೆ, ಆ ಹೆಂಗಸರೂ ಕೈಬಿಟ್ಟರು.

ಈಗ ತಿಥಿ ಮುಗಿದಿತ್ತು. ಅದಾದ ಮೇಲೆ ಗಂಡನನ್ನು ಕಳೆದುಕೊಂಡವಳನ್ನು ನಾಲ್ಕು ದಿನ ಹತ್ತಿರದವರ ಮನೆಗೆ ಕರೆದುಕೊಂಡು ಹೋಗಿ ಮಲಗಿಸುವುದು ಅವರಲ್ಲಿ ಪದ್ಧತಿ. ಹಾಗಾಗಿ ಅಮ್ಮ ಈರಕ್ಕ ಪಕ್ಕದ ಸೀಟಿನಲ್ಲಿ ಒಂದು ಬಟ್ಟೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಿಂದಿನ ಸೀಟಿನಲ್ಲಿ ಎದುರುಮನೆಯ ಶ್ರೀರಾಮುಲು ಇದ್ದ. ಮಗ್ಗದ ಮನೆತನದವನು, ನೇಯುವುದು ಬಿಟ್ಟು ಸೀರೆ ವ್ಯಾಪಾರ ಮಾಡಿ ಅದನ್ನೂ ಬಿಟ್ಟವನು. ಕಿಡ್ನಿ ಎರಡೂ ಕೆಲಸ ನಿಲ್ಲಿಸಿದ್ದರಿಂದ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಅವನಿಗೆ ಡಯಾಲಿಸಿಸ್ ಆಗಬೇಕು. ಹತ್ತಿರದಲ್ಲೆಲ್ಲೂ ಜಾಗ ಸಿಗದ ಕಾಲದಲ್ಲಿ ಹಿಂದೂಪುರದ ಒಂದು ಆಸ್ಪತ್ರೆಯಲ್ಲಿ ಬೆಡ್ಡು ಸಿಕ್ಕಿತ್ತು. ಮೂರು ವರ್ಷದಿಂದ ಅವನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದವನು ಗಿರಿಯಪ್ಪನೇ. ಗಿರಿಯಪ್ಪ ಹೋದ ಮೇಲೆ ಶ್ರೀರಾಮುಲುವಿನ ಅಣ್ಣನ ಮಗ ಸುರೇಂದ್ರ ಮೂರು ಸಲ ಬಸ್ಸಿನಲ್ಲಿ ಕರೆದುಕೊಂಡು ಹೋದ. ಹೋದ ಗುರುವಾರ ಸುರೇಂದ್ರನಿಗೇ ಜ್ವರ ಬಂದು ಡಯಾಲಿಸಿಸ್ ತಪ್ಪಿತು. ಒಂದು ವಾರದ ನೀರು ಮೈಯಲ್ಲೇ ನಿಂತು ಶ್ರೀರಾಮುಲುವಿನ ಕಾಲು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹೇಗಿದ್ದರೂ ಹಿಂದೂಪುರಕ್ಕೆ ಹೋಗುತ್ತೇನಲ್ಲ, ನಾನೇ ಬಿಡುತ್ತೇನೆ ಎಂದಿದ್ದಳು ಪದ್ಮಲತಾ. ಹನ್ನೊಂದು ಗಂಟೆಯ ಬೆಡ್ಡು. ಹನ್ನೊಂದೂವರೆಯ ತನಕ ಕಾಯುತ್ತಾರೆ, ಆಮೇಲೆ ಕಾದು ಕೂತವರಲ್ಲಿ ಒಬ್ಬರಿಗೆ ಕೊಟ್ಟುಬಿಡುತ್ತಾರೆ. ಇವತ್ತೂ ತಪ್ಪಿದರೆ ಗುರುವಾರದ ತನಕ ಅವನು ಉಳಿಯುತ್ತಾನೆಂದು ಯಾರೂ ಕೈ ಮೇಲೆ ಕೈ ಹಾಕಿ ಹೇಳುವ ಸ್ಥಿತಿ ಇರಲಿಲ್ಲ.

ಕಾರು ಸತ್ತವನ ಮನೆಯ ಶೆಡ್ಡಿನಲ್ಲಿ ಅಷ್ಟೂ ದಿನ ನಿಂತೇ ಇತ್ತು. ಬೆಳಿಗ್ಗೆ ಕೀಲಿ ತಿರುಗಿಸಿದಾಗ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಪೆಟ್ರೋಲಿನ ಮುಳ್ಳು ಕೆಂಪಿಗೆ ಇಳಿದಿದ್ದರಿಂದ ಊರಾಚೆಯ ಬಂಕಿಗೆ ಹೋದರು. ಬಂಕಿನ ಚೌಡಣ್ಣ ಗಿರಿಯಪ್ಪನಿಗೆ ಹತ್ತು ವರ್ಷದಿಂದ ಪೆಟ್ರೋಲು ಹಾಕುತ್ತಿದ್ದವನು. ಅವನು ಪೈಪು ಇಟ್ಟ, ಹತ್ತು ಲೀಟರ್ ಹಾಕಿದ, ಮುಚ್ಚಳ ಎರಡು ಸಲ ತಿರುಗಿಸಿ ನೋಡಿದ. ಏನಾದರೂ ಹೇಳಬೇಕೆಂದು ಬಾಯಿ ತೆರೆದು ಹಿಂದಿನ ಲಾರಿಯವನ ಕಡೆ ತಿರುಗಿಕೊಂಡ. ಪದ್ಮಲತಾಳಿಗೆ ಅದೇ ಅನುಕೂಲವಾಯಿತು.

ಡ್ರೈವಿಂಗ್ ಕಲಿಸುವಾಗ ಅಪ್ಪ ರಿಪೇರಿಯ ಒಂದು ದಾರಿಯನ್ನೂ ಹೇಳಿಕೊಟ್ಟಿದ್ದ. ಗಾಡಿ ಕೆಟ್ಟರೆ ಬಾನೆಟ್ ಎತ್ತಬೇಡ, ಮೊದಲು ಕೂತು ಯೋಚನೆ ಮಾಡು, ಕೊನೆಗೆ ಅದಕ್ಕೆ ಏನು ಮಾಡಿದೆ ಅಂತ. ಟೈರು ಬಿಚ್ಚಿದ್ದೆಯಾ, ಬ್ಯಾಟರಿ ಮುಟ್ಟಿದ್ದೆಯಾ, ಎಣ್ಣೆ ಹಾಕಿಸಿದೆಯಾ. ಕೊನೆಗೆ ಮುಟ್ಟಿದ್ದೇ ಕೆಟ್ಟಿರುತ್ತದೆ ಎನ್ನುತ್ತಿದ್ದ. ಕೊನೆಗೆ ಮಾಡಿದ್ದು ಪೆಟ್ರೋಲು ಹಾಕಿಸಿದ್ದು. ಇದರಲ್ಲಿ ಯೋಚನೆ ಮಾಡುವುದಕ್ಕೇನೂ ಇರಲಿಲ್ಲ. ಬಂಕಿನ ಪೆಟ್ರೋಲಿನಲ್ಲಿ ನೀರು ಸೇರಿದೆ, ಅಷ್ಟೆ. ಆದರೂ ಅವಳು ರಸ್ತೆ ಬದಿಗೆ ನಿಲ್ಲಿಸಿ ಪೆಟ್ರೋಲು ಮುಚ್ಚಳ ಬಿಚ್ಚಿ ಹಾಕಿದಳು, ಗಾಳಿ ಕಟ್ಟಿದ್ದರೆ ಬಿಟ್ಟುಕೊಳ್ಳಲಿ ಎಂದು. ಚೋಕ್ ಎಳೆದು ನೋಡಿದಳು. ಚೋಕ್ ಎಳೆದಾಗ ಸ್ವಲ್ಪ ದೂರ ಒಪ್ಪಿಕೊಂಡು ಓಡಿತು, ತಳ್ಳಿದಾಗ ಮತ್ತೆ ಜಗ್ಗಾಡಿತು. ಹೀಗೆ ಎಳೆದೂ ತಳ್ಳಿಯೂ ಅರ್ಧ ದಾರಿ ಸವೆಸಿದರು. ಈರಕ್ಕ ಎದುರಿನ ಗಾಜನ್ನೇ ನೋಡುತ್ತಿದ್ದಳು. ಶ್ರೀರಾಮುಲು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು ಪ್ರತಿ ಜಗ್ಗಾಟಕ್ಕೂ ಒಂದೊಂದು ಉಸಿರು ಬಿಡುತ್ತಿದ್ದ.

ಹಿಂದೂಪುರ ಇನ್ನೂ ನಲವತ್ತು ಕಿಲೋಮೀಟರ್ ಇದೆ ಎನ್ನುವಾಗ ಒಂದು ಸಣ್ಣ ಊರಿನ ಮುಂದೆ ಕಾರು ಪೂರ್ತಿ ಕೈಕೊಟ್ಟಿತು. ಗಂಟೆ ಒಂಬತ್ತೂ ಮುಕ್ಕಾಲು. ಹಿಂದೂಪುರದ ಬಸ್ಸು ಆಗಷ್ಟೇ ಅವರನ್ನು ದಾಟಿ, ಹಾರ್ನು ಹೊಡೆದು ಹೋಗಿತ್ತು. ಮುಂದಿನದು ಹನ್ನೆರಡಕ್ಕೆ. ಪುಣ್ಯಕ್ಕೆ ಅಲ್ಲೇ ಒಂದು ಗ್ಯಾರೇಜಿತ್ತು. ಗ್ಯಾರೇಜು ಎಂದರೆ ನಾಲ್ಕು ತಗಡು, ಒಂದು ಹುಣಸೆ ಮರ, ಮರದ ಕೆಳಗೆ ಎರ್ರಪ್ಪ ಎಂಬ ಮೂವತ್ತೈದು ವರ್ಷದ ಮೆಕ್ಯಾನಿಕ್. ಇಲ್ಲಿ ಆಟೋ ಸಿಗುತ್ತದಾ ಎಂದು ಪದ್ಮಲತಾ ಮೊದಲು ಕೇಳಿದಳು. ಊರಿಗೆಲ್ಲ ಇರುವುದು ಒಂದೇ ಆಟೋ ಎಂದು ಎರ್ರಪ್ಪ ಕೈ ತೋರಿಸಿದ. ಅದರ ಗೇರ್ ಬಾಕ್ಸು ಮರದ ಬುಡದಲ್ಲಿ ಗೋಣಿಚೀಲದ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು.

ಪದ್ಮಲತಾ ಆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಹನ್ನೊಂದೂವರೆಯೊಳಗೆ ಆಸ್ಪತ್ರೆ, ಹಿಂದೆ ಕೂತವರಿಗೆ ಡಯಾಲಿಸಿಸ್, ಬೆಳಿಗ್ಗೆ ಪೆಟ್ರೋಲು ಹಾಕಿಸಿದ್ದು, ಬಂಕಿನವನು ನೀರು ಹಾಕಿದ್ದಾನೆ. ಎರ್ರಪ್ಪ ಶ್ರೀರಾಮುಲುವಿನ ಕಾಲು ನೋಡಿದ. ಆಟೋದ ಕೆಲಸ ಹಾಗೇ ಬಿಟ್ಟು, ಕೈ ಒರೆಸಿಕೊಳ್ಳದೆ ಬಾನೆಟ್ ಎತ್ತಿದ.

ಅವನು ಪ್ಲಗ್ಗು ಬಿಚ್ಚುವಷ್ಟರಲ್ಲಿ ಅವಳು ಬಂಕಿನ ರಸೀದಿ ಹುಡುಕಿ ಅದರಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಎತ್ತಿದವನು ಚೌಡಣ್ಣನೇ. ನೀರು ಬೆರೆಸಿದ್ದೀರಿ, ಮೇಲಿನವರಿಗೆ ಬರೆದುಕೊಡುತ್ತೇನೆ, ಒಬ್ಬರ ಜೀವದ ಜೊತೆ ಆಟ ಆಡಿದ್ದೀರಿ ಎಂದೆಲ್ಲ ಅಂದಳು. ಮಾತು ಬಿರುಸಾಗಿಯೇ ಬಂತು, ಆದರೆ ಒಳಗೆ ಸಿಟ್ಟಿನ ಸುಳಿವೇ ಇರಲಿಲ್ಲ. ಇಂಥ ಹೊತ್ತಿನಲ್ಲಿ ಹೀಗೆ ಬೈಯಬೇಕು ಎಂದು ಗೊತ್ತಿತ್ತು, ಬೈದಳು. ಚೌಡಣ್ಣ ಪಾಪ ಎದುರು ಮಾತಾಡಲಿಲ್ಲ. ಬೆಳಿಗ್ಗೆ ತೊಟ್ಟಿಗೆ ಕೋಲು ಇಳಿಸಿ ನೀರು ಇದೆಯಾ ಅಂತ ನೋಡಿದ್ದೇನೆ, ನಿಮ್ಮದಾದ ಮೇಲೆ ಇಪ್ಪತ್ತು ಗಾಡಿಗೆ ಹಾಕಿದ್ದೇನೆ, ಯಾರೂ ವಾಪಸು ಬಂದಿಲ್ಲ ಎಂದ. ಆಮೇಲೆ ದನಿ ಇಳಿಸಿ, ಗಿರಿಯಪ್ಪಣ್ಣನ ಗಾಡಿಗೆ ನಾನು ಹಂಗೆ ಮಾಡ್ತೀನಾ ಎಂದು ಕೇಳಿದ. ಅವಳು ಫೋನು ಇಟ್ಟಳು.

ಪ್ಲಗ್ಗು ಒದ್ದೆಯಾಗಿದ್ದವು. ಎರ್ರಪ್ಪ ಒರೆಸಿ, ಉಜ್ಜಿ, ಕಿಡಿ ಬರುತ್ತಿರುವುದನ್ನು ತೋರಿಸಿದ. ಕರೆಂಟು ಸರಿ ಇದೆ, ತೊಂದರೆ ಇರುವುದು ಎಣ್ಣೆಯ ದಾರಿಯಲ್ಲಿ ಎಂದ. ಆ ಕಾರಿನಲ್ಲಿ ಪೆಟ್ರೋಲು ಬರುವ ಪೈಪಿನ ಮಧ್ಯೆ ಹೆಬ್ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಫಿಲ್ಟರು ಇರುತ್ತದೆ, ಒಳಗಿರುವುದು ಹೊರಗೆ ಕಾಣುತ್ತದೆ. ಅದನ್ನು ಎಳೆದು ಬಿಸಿಲಿಗೆ ಹಿಡಿದವನು ಮೂಗಿನ ಹತ್ತಿರ ತಂದ, ಮತ್ತೆ ಬಿಸಿಲಿಗೆ ಹಿಡಿದ. ಫಿಲ್ಟರಿನೊಳಗೆ ಏನೋ ಬೆಳ್ಳಗೆ ಕಟ್ಟಿಕೊಂಡಿತ್ತು. ಕಾರ್ಬೊರೇಟರ್ ಕೆಳಗಿನ ಬಟ್ಟಲಿನಿಂದ ಒಂದಿಷ್ಟು ಗಾಜಿನ ಬಾಟಲಿಗೆ ಇಳಿಸಿದ. ಮೇಲೆ ಪೆಟ್ರೋಲು ತಿಳಿಯಾಗಿ ನಿಂತಿತು, ತಳದಲ್ಲಿ ಬಿಳಿ ಚೂರುಗಳು ಮೆಲ್ಲಗೆ ಕೂತವು.

"ಅಕ್ಕಾ, ಇದು ನೀರಲ್ಲ ಕಣಕ್ಕ. ನೀರಾದ್ರೆ ತಳದಾಗೆ ಗಾಜಿನಂಗೆ ನಿಂತ್ಕತೈತೆ. ಇದು ಒಡೆದ ಹಾಲು" ಎಂದ.

ಪದ್ಮಲತಾಳಿಗೆ ಅರ್ಥವಾಗಲಿಲ್ಲ. ಬಂಕಿನವರು ಹಾಲು ಯಾಕೆ ಹಾಕುತ್ತಾರೆ ಎಂದಳು. ಪೆಟ್ರೋಲಿಗಿಂತ ಹಾಲು ಅಗ್ಗ ಇರಬಹುದು, ಆದರೂ ಅಂಥ ಕಲಬೆರಕೆ ಈ ಜಿಲ್ಲೆಯಲ್ಲಿ ಇನ್ನೂ ಶುರುವಾಗಿಲ್ಲ ಎಂದು ನಗುತ್ತಾ ಎರ್ರಪ್ಪ ಕಾರಿನ ಕೆಳಗೆ ತೂರಿ, ಟ್ಯಾಂಕಿನ ತಳದ ಬೋಲ್ಟು ಬಿಚ್ಚಿ ಅಗಲ ಬಾಂಡ್ಲಿ ಒಡ್ಡಿದ. ಮೊದಲು ಬಂದದ್ದು ಪೆಟ್ರೋಲಲ್ಲ. ಬೆಳ್ಳಗೆ, ಗಂಟುಗಂಟಾಗಿ, ಹುಳಿ ವಾಸನೆ ಹೊಡೆಯುತ್ತಾ ಅರ್ಧ ಚೊಂಬಿನಷ್ಟು ಸುರಿಯಿತು. ಅದರ ಹಿಂದೆ ಪೆಟ್ರೋಲು ಬಂತು. ಗಾಡಿ ನಿಂತಿದ್ದಾಗ ಇದು ತಳದಲ್ಲಿ ತಣ್ಣಗೆ ಮಲಗಿತ್ತು, ಹೊಸ ಪೆಟ್ರೋಲು ರಭಸವಾಗಿ ಬಿದ್ದ ಮೇಲೆ ಎದ್ದು ಪೈಪಿಗೆ ಹೋಗಿದೆ, ಬಂಕಿನವರದು ಏನೂ ತಪ್ಪಿಲ್ಲ, ಇದು ಮೊದಲೇ ಒಳಗಿದ್ದದ್ದು ಎಂದು ಕಾರಿನ ಕೆಳಗಿನಿಂದಲೇ ಹೇಳಿದ.

ಮುಂದಿನ ಬಾಗಿಲು ತೆರೆದುಕೊಂಡಿತು. ಈರಕ್ಕ ಚೀಲವನ್ನು ಸೀಟಿನ ಮೇಲಿಟ್ಟು ಇಳಿದು ಬಂದು ಬಾಂಡ್ಲಿಯ ಮುಂದೆ ನಿಂತಳು.

"ನಾನೇ ಕಣೆ ಬುಟ್ಟಿದ್ದು" ಎಂದಳು. "ಹಾಲು-ತುಪ್ಪ."

ಮೂರನೆಯ ದಿನ ಗಂಡಸರೆಲ್ಲ ಗಿರಿಯಪ್ಪನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲು-ತುಪ್ಪ ಬಿಟ್ಟು ಬಂದಿದ್ದರು. ಪದ್ಮಲತಾಳೂ ಹೋಗಿದ್ದಳು. ಈರಕ್ಕ ಹೋಗುವ ಹಾಗಿರಲಿಲ್ಲ, ತಿಥಿಯ ತನಕ ಅವಳು ಬೀದಿಗೆ ಇಳಿಯುವಂತಿಲ್ಲ. ಮನೆಯಲ್ಲಿ ಒಂದು ಚೊಂಬು ಹಾಲು ಮಿಕ್ಕಿತ್ತು. ಅದಕ್ಕೆ ಒಂದು ಚಮಚ ತುಪ್ಪ ಬಿಟ್ಟು, ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡು, ಹಿತ್ತಲ ಬಾಗಿಲಿನಿಂದ ಶೆಡ್ಡಿಗೆ ಹೋಗಿದ್ದಳು. ದನ ಕಟ್ಟಿದ ಮನೆಯಲ್ಲಿ ಹುಟ್ಟಿದವಳು. ಹಬ್ಬ ಬಂದರೆ ಎತ್ತಿನ ಬಾಯಿಗೆ ಮೊದಲ ತುತ್ತು ಇಡುವುದು ಅವಳಿಗೆ ಚಿಕ್ಕಂದಿನಿಂದ ಅಭ್ಯಾಸ. ಕಾರಿನ ಬಾಯಿ ಎಲ್ಲಿದೆ ಎಂಬುದು ಗಂಡ ಅದಕ್ಕೆ ತಿನ್ನಿಸುತ್ತಿದ್ದುದನ್ನು ಇಪ್ಪತ್ತೆರಡು ವರ್ಷ ನೋಡಿದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ. ಇದನ್ನೆಲ್ಲ ಈರಕ್ಕ ತಪ್ಪು ಮಾಡಿದವಳ ಹಾಗೆ ಹೇಳಲಿಲ್ಲ. ಮಾಡಬೇಕಾದ್ದನ್ನು ಮಾಡಿದವಳ ಹಾಗೆ ಹೇಳಿದಳು.

"ಬಾಯಿಗೆ ಒಂದು ತೊಟ್ಟು ನೀರು ಬಿಡಾಕೆ ಯಾರೂ ಇರಲಿಲ್ಲ ಆ ಮನುಷ್ಯಂಗೆ. ಜೊತೇಲಿದ್ದಿದ್ದು ಇದೊಂದೇಯ. ಇದ್ಕೆ ಬುಟ್ರೆ ಅವ್ನಿಗೆ ಮುಟ್ತೈತೆ ಅಂದ್ಕಂಡೆ ಕಣಮ್ಮ."

ಈಗ ಸಿಟ್ಟು ಬರಬೇಕು ಎಂದುಕೊಂಡು ಪದ್ಮಲತಾ ಕಾದಳು. ಬರಲಿಲ್ಲ. ದುಃಖ ಬರಬಹುದೇನೋ ಎಂದು ಕಾದಳು, ಅದೂ ಬರಲಿಲ್ಲ. ಫೋನಿನಲ್ಲಿ ಗಂಟೆ ನೋಡಿದಳು, ಹತ್ತೂ ಇಪ್ಪತ್ತು. ತನ್ನ ಮೈಯೊಳಗೂ ಏನೋ ಕಟ್ಟಿಕೊಂಡು ಯಾವ ಪೈಪಿನಲ್ಲೂ ಏನೂ ಹರಿಯುತ್ತಿಲ್ಲ ಎನ್ನಿಸಿ ಅವಳಿಗೆ ಒಂದು ಕ್ಷಣ ಭಯವಾಯಿತು.

ಹಿಂದಿನ ಸೀಟಿನಿಂದ ಶ್ರೀರಾಮುಲು ಕಾಲು ಕೆಳಗಿಟ್ಟ. ಇಳಿಯಬೇಡಿ ಮಾವ ಎಂದು ಪದ್ಮಲತಾ ಹೋಗುವುದರೊಳಗೆ ಬಾಗಿಲು ಹಿಡಿದು ನಿಂತಿದ್ದ. ಅವನ ಮುಖ ಊದಿಕೊಂಡು ಕಣ್ಣು ಸಣ್ಣವಾಗಿದ್ದವು. ಈರಕ್ಕನನ್ನು ನೋಡುವುದಕ್ಕೆ ಆಗದೆ ಬಾಂಡ್ಲಿಯನ್ನು ನೋಡುತ್ತಾ ಮಾತಾಡಿದ.

"ನಾನಿದ್ದೆನಲ್ಲ ಈರಕ್ಕ. ಹಿಂದ್ಗಡೆ ನಾನಿದ್ದೆ. ನಿದ್ದೆ ಹತ್ತಿಬುಟ್ಟಿತ್ತು. ಎಚ್ಚರಾದಾಗ ಗಾಡಿ ನಿಂತಿತ್ತು, ಅವನು ಕಿಟಕಿಗೆ ಒರಗಿದ್ದ. ಪಾಪ ಮಲಗವ್ನೆ, ಸುಸ್ತಾಗೈತೆ ಅಂತ ನಾನು ಸದ್ದು ಮಾಡದಂಗೆ ಹತ್ತು ನಿಮಿಷ ಕೂತಿದ್ದೆ. ನೀರಿನ ಬಾಟ್ಲಿ ನನ್ನ ಕೈಯಾಗೇ ಇತ್ತು ತಾಯಿ."

ಇದನ್ನು ಅವನು ಹದಿನೆಂಟು ದಿನ ಯಾರಿಗೂ ಹೇಳಿರಲಿಲ್ಲ. ಎಚ್ಚರವಾದ ಕೂಡಲೇ ಜನರನ್ನು ಕೂಗಿದೆ ಎಂದಷ್ಟೇ ಹೇಳಿದ್ದ. ಈರಕ್ಕ, ಕೂತ್ಕಾ ಅಣ್ಣಯ್ಯ, ನಿನ್ನ ಕಾಲು ನಿಲ್ಲಂಗಿಲ್ಲ ಎಂದಳು. ಶ್ರೀರಾಮುಲು ಕೂತುಕೊಂಡು ಟವೆಲಿನಿಂದ ಮುಖ ಮುಚ್ಚಿಕೊಂಡ.

ಎರ್ರಪ್ಪನ ಕೈ ಮಾತ್ರ ನಿಂತಿರಲಿಲ್ಲ. ಟ್ಯಾಂಕಿನೊಳಕ್ಕೆ ಒಂದು ಲೀಟರ್ ಪೆಟ್ರೋಲು ಬಿಟ್ಟು, ಕಾರನ್ನು ಭುಜ ಕೊಟ್ಟು ಕುಲುಕಿ, ಕೆಳಗಿನಿಂದ ಇಳಿಸಿದ. ಮತ್ತೊಂದು ಸಲ ಹಾಗೇ ಮಾಡಿದ. ಪೈಪಿಗೆ ಸೈಕಲ್ ಪಂಪು ಹಚ್ಚಿ ಊದಿದ. ಕಾರಿನ ಫಿಲ್ಟರು ಅವನ ಹತ್ತಿರ ಇರಲಿಲ್ಲ, ಬೈಕಿನದೊಂದು ಇತ್ತು. ಅದನ್ನೇ ಸಿಕ್ಕಿಸಿ, ಜೋರಾಗಿ ಓಡಿಸಬೇಡಿ, ನಲವತ್ತರಲ್ಲಿ ಹೋದರೆ ಒಯ್ಯುತ್ತದೆ ಎಂದ. ಬಾಂಡ್ಲಿಯಲ್ಲಿದ್ದ ಪೆಟ್ರೋಲನ್ನು ಬಾಟಲಿಗಳಿಗೆ ಹೊಯ್ದು, ತಿಳಿ ನಿಂತ ಮೇಲೆ ಮೇಲಿನದನ್ನಷ್ಟೇ ಬಗ್ಗಿಸಿ ಟ್ಯಾಂಕಿಗೆ ಸುರಿದ. ಬಾಂಡ್ಲಿಯ ತಳದಲ್ಲಿ ಬಿಳಿಯ ಗಷ್ಟು ಉಳಿಯಿತು. ಅದನ್ನು ರಸ್ತೆಗೆ ಎರಚುವುದಕ್ಕೆಂದು ಎತ್ತಿಕೊಂಡವನನ್ನು ಈರಕ್ಕ ತಡೆದಳು. ಅದು ಅವನಿಗೆ ಬಿಟ್ಟದ್ದು, ಗಾಡಿ ಚಕ್ರಕ್ಕೆ ಸಿಕ್ಕಬಾರದು ಎಂದಳು. ಮರದ ಬುಡಕ್ಕೆ ಹಾಕು ಎಂದಳು. ಪೆಟ್ರೋಲು ಬಿದ್ದರೆ ಮರ ಸಾಯುತ್ತದಮ್ಮ ಎಂದ ಎರ್ರಪ್ಪ.

ಸ್ವಲ್ಪ ಹೊತ್ತು ಬಾಂಡ್ಲಿ ಹಿಡಿದುಕೊಂಡು ನಿಂತಿದ್ದ. ಆಮೇಲೆ ಗ್ಯಾರೇಜಿನ ಹಿಂದೆ ಹೋಗಿ ಹಾರೆಯಿಂದ ಮೊಣಕಾಲುದ್ದದ ಗುಂಡಿ ತೋಡಿ, ಯಾರೂ ಹೇಳದೆ ತಾನೇ ಚಪ್ಪಲಿ ಕಳಚಿಟ್ಟ. ಬಾಂಡ್ಲಿ ಬಗ್ಗಿಸಿದ. ಈರಕ್ಕ ಕೂತು ಎರಡು ಕೈಯಿಂದ ಮಣ್ಣು ಎಳೆದಳು. ಗಂಡನ ಮೇಲೆ ಹಾಕಲು ಅವಳಿಗೆ ಸಿಗದಿದ್ದ ಮಣ್ಣು ಅದು. ಅವಳು ಅವಸರ ಮಾಡಲಿಲ್ಲ. ಅಂಗೈಯಿಂದ ತಟ್ಟಿ ತಟ್ಟಿ ಮಟ್ಟ ಮಾಡಿದಳು. ಮೂರು ಜನ ಕಾಯುತ್ತಿದ್ದಾರೆಂಬುದೂ ಅವಳಿಗೆ ಬೇಡವಾಗಿತ್ತು. ಅಮ್ಮಾ, ಟೈಮಾಯ್ತು ಎಂದು ಪದ್ಮಲತಾ ಕರೆದಳು. ಆ ಹೊತ್ತಿನಲ್ಲಿ ಹಾಗೆ ಕರೆದದ್ದು ಅವಳಿಗೇ ಒರಟು ಅನ್ನಿಸಿತು, ಆದರೆ ಶ್ರೀರಾಮುಲುವಿನ ಉಸಿರು ಅಲ್ಲಿಯ ತನಕ ಕೇಳಿಸುತ್ತಿತ್ತು.

ಹತ್ತೂ ಐವತ್ತೈದಕ್ಕೆ ಕಾರು ಸ್ಟಾರ್ಟ್ ಆಯಿತು. ಎರಡು ಸಲ ಬಿಳಿ ಹೊಗೆ ಉಗುಳಿ, ಗಂಟಲು ಸರಿಮಾಡಿಕೊಂಡು, ತನ್ನ ಹಳೆಯ ದನಿಯಲ್ಲಿ ಓಡತೊಡಗಿತು. ಹೊರಡುವ ಮುಂಚೆ ಅವಳು ಚೌಡಣ್ಣನಿಗೆ ಫೋನು ಮಾಡಿ, ತಪ್ಪು ನಿಮ್ಮದಲ್ಲ, ನಮ್ಮ ಟ್ಯಾಂಕಿನಲ್ಲೇ ಇತ್ತು ಎಂದಳು. ಏನಿತ್ತಮ್ಮ ಎಂದು ಅವನು ಕೇಳಿದ. ಹೇಳಬೇಕಾದರೆ ಎಲ್ಲಿಂದ ಶುರು ಮಾಡಬೇಕು ಎಂದು ಯೋಚಿಸಿ, ಕಸ ಎಂದು ಹೇಳಿ ಇಟ್ಟುಬಿಟ್ಟಳು. ಪಕ್ಕದಲ್ಲಿ ಕೂತ ಅಮ್ಮನಿಗೆ ಅದು ಕೇಳಿಸಿತೆಂದು ಆಮೇಲೆ ಹೊಳೆಯಿತು.

ನಲವತ್ತರಲ್ಲಿ ಹೋಗು ಎಂದಿದ್ದ, ಐವತ್ತರಲ್ಲಿ ಓಡಿಸಿದಳು. ಪರಿಗಿ ದಾಟುವಾಗ ಹನ್ನೊಂದೂವರೆ ಆಯಿತು. ಹಿಂದೂಪುರದ ರೈಲ್ವೆ ಗೇಟನ್ನು ಟ್ರೈನಿಗೆಂದು ಮುಚ್ಚಿದ್ದರು. ಅಲ್ಲಿ ಮೂವರೂ ಕೂತು ಖಾಲಿ ಹಳಿಗಳನ್ನು ನೋಡಿದರು. ಆಸ್ಪತ್ರೆಯ ಮುಂದೆ ನಿಂತಾಗ ಹನ್ನೆರಡಕ್ಕೆ ಐದು ನಿಮಿಷ. ಶ್ರೀರಾಮುಲುವನ್ನು ತಾಯಿ ಒಂದು ಕಡೆ ಮಗಳು ಒಂದು ಕಡೆ ಹಿಡಿದು ಒಳಗೆ ತಂದರು.

ಡಯಾಲಿಸಿಸ್ ವಾರ್ಡಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ನರ್ಸು ಮೌನಿಕಾ ಗಡಿಯಾರ ನೋಡಿದಳು. ಬೆಡ್ಡು ಕೊಟ್ಟಾಯಿತು ಎಂದು ತೆಲುಗಿನಲ್ಲಿ ಹೇಳಿದಳು. ಅರ್ಧ ಗಂಟೆ ಅಂತ ರೂಲು, ನಾನು ಐವತ್ತು ನಿಮಿಷ ಕಾದೆ, ಈಗ ತಾನೇ ಮುಂದಿನವರನ್ನು ಕರೆದೆ ಎಂದಳು. ಬೆಂಚಿನ ಮೇಲೆ ಒಬ್ಬ ಮುದುಕ ಒಳಗೆ ಹೋಗುವುದಕ್ಕೆ ಅಂಗಿಯ ತೋಳು ಮಡಚುತ್ತಿದ್ದ. ಮೌನಿಕಾಳ ಸಿಟ್ಟು ಮಾತ್ರ ಇವರ ಮೇಲೆ ಇರಲಿಲ್ಲ. ಇದೆಲ್ಲ ಗಿರಿಯಪ್ಪಣ್ಣ ಊರಿಗೆ ಹೋದಾಗಿನಿಂದ ಶುರುವಾದದ್ದು, ಮೂರು ವರ್ಷ ಆ ಮನುಷ್ಯ ಒಂದು ದಿನ ತಡ ಮಾಡಿದವರಲ್ಲ, ಬರುತ್ತಾರೆ ಬರುತ್ತಾರೆ ಎಂದು ನಿಮ್ಮ ಜೊತೆಯ ಈ ತಾತ ಪ್ರತಿ ಸಲವೂ ಹೇಳುತ್ತಾರೆ, ಇವತ್ತಾದರೂ ಬಂದಿದ್ದಾರಾ, ಕಾರಿನಲ್ಲಿದ್ದರೆ ಒಳಗೆ ಕರೆಯಿರಿ, ನಾನೇ ಕೇಳುತ್ತೇನೆ ಎಂದಳು.

ಪದ್ಮಲತಾ ಶ್ರೀರಾಮುಲುವಿನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ಮೂರು ಸಲ ಬಂದು ಹೋಗಿದ್ದಾನೆ, ಮೂರು ಸಲವೂ ಗಿರಿಯಪ್ಪ ಊರಿಗೆ ಹೋಗಿದ್ದಾನೆ ಎಂದೇ ಹೇಳಿದ್ದಾನೆ. ಅವನ ಬಾಯಿಂದ ಅದು ಬರುವುದಿಲ್ಲ. ಅಮ್ಮ ಗೋಡೆಗೆ ಒರಗಿದ್ದಳು. ಕಲ್ಯಾಣದುರ್ಗದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ, ಯಾರಿಗೂ ಹೇಳುವ ಕೆಲಸ ಬಿದ್ದಿರಲಿಲ್ಲ. ಇಲ್ಲಿ ಹೇಳದೆ ಬೆಡ್ಡು ಸಿಗುವ ಹಾಗಿರಲಿಲ್ಲ.

"ಮಾ ನಾಯನ ಚನಿಪೋಯಾಡು" ಎಂದಳು.

ತೆಲುಗಿನಲ್ಲಿ ಅದು ಸಲೀಸಾಗಿ ಬಂತು. ಆಫೀಸಿನಲ್ಲಿ ಅರ್ಜಿ ಕೊಡುವಾಗ ಆಡುವ ಭಾಷೆ ಅದು ಅವಳಿಗೆ, ನಮ್ಮ ತಂದೆ ಸತ್ತರು ಎನ್ನುವುದೂ ವಿಳಾಸ ಹೇಳಿದಷ್ಟೇ ಸುಲಭವಾಗಿ ಹೊರಗೆ ಬಂತು. ದಾರಿಯಲ್ಲಿ ಕಾರು ಕೆಟ್ಟಿತು, ಇವರದು ಹೋದ ಗುರುವಾರವೂ ತಪ್ಪಿದೆ, ಹೇಗಾದರೂ ಮಾಡಿ ಎಂದು ಅದೇ ದನಿಯಲ್ಲಿ ಮುಂದುವರಿಸಿದಳು.

ಮೌನಿಕಾ ಪೆನ್ನು ಕೆಳಗಿಟ್ಟು ಎದ್ದು ನಿಂತಳು. ಒಳಗೆ ಹೋಗಿ, ಯಾರಿಗೋ ಏನೋ ಹೇಳಿ, ವಾಪಸು ಬಂದಳು. ತೋಳು ಮಡಚಿದ್ದ ಮುದುಕ ಕೇಳಿಸಿಕೊಂಡಿದ್ದ. ನನ್ನದು ಸಾಯಂಕಾಲ ಆದರೂ ನಡೆಯುತ್ತದೆ, ಅವರನ್ನೇ ಕರೆದುಕೊಳ್ಳಮ್ಮ ಎಂದು ತೋಳು ಇಳಿಸಿಕೊಂಡ. ವಾರ್ಡಿನ ಆಯಾ ಗಾಲಿ ಕುರ್ಚಿ ತಂದು ಶ್ರೀರಾಮುಲುವನ್ನು ಒಳಕ್ಕೆ ತಳ್ಳಿಕೊಂಡು ಹೋದಳು. ತಡವಾದದ್ದರಿಂದ ಮೂರೇ ಗಂಟೆ ಆಗುತ್ತದೆ, ಪರವಾಗಿಲ್ಲ, ಇವತ್ತಿಗೆ ಸಾಕು ಎಂದಳು ಮೌನಿಕಾ. ಬಂದ ಕೆಲಸ ಆಯಿತು. ಪದ್ಮಲತಾ ಕಾರಿನ ಕೀಲಿ ಪರ್ಸಿಗೆ ಹಾಕಿಕೊಂಡಳು.

ಆಗ ಮೌನಿಕಾ ಮೇಜು ಸುತ್ತಿ ಬಂದು ಅವಳ ಕೈ ಹಿಡಿದುಕೊಂಡಳು. ಅವಳು ಮನೆಯಲ್ಲಿ ಕನ್ನಡ ಆಡುವ ಕುಂದುರ್ಪಿ ಕಡೆಯ ಹುಡುಗಿ. ಇಷ್ಟು ಹೊತ್ತು ಆಡಿದ ತೆಲುಗು ಕೆಲಸದ ತೆಲುಗು. ಈಗ ಮನೆಯ ಮಾತು ಬಂತು.

"ನೀನು ಪದ್ದಕ್ಕನಾ? ಗಿರಿಯಪ್ಪಣ್ಣ ಯಾವಾಗ್ಲೂ, ನನ್ನ ಮಗಳ ಮನೆ ಇಲ್ಲೇ ಐತೆ, ಆದ್ರೂ ಕೆಲ್ಸದ ದಿನ ಹೋಗಿ ತೊಂದ್ರೆ ಕೊಡಾಕಿಲ್ಲ ಅಂತಿದ್ರು. ಇಲ್ಲೇ ಈ ಬೆಂಚಿನ ಮೇಲೆ ಬುತ್ತಿ ಬಿಚ್ಕಂಡು ಉಣ್ಣೋರು. ಏನಾಯ್ತಕ್ಕ ಅಪ್ಪಂಗೆ?"

ಪದ್ಮಲತಾಳ ಮನೆಗೆ ಆ ಬೆಂಚಿನಿಂದ ನಡೆದುಕೊಂಡೇ ಹೋಗಬಹುದಿತ್ತು. ಮೂರು ವರ್ಷ, ವಾರಕ್ಕೆ ಎರಡು ಸಲ, ಅಪ್ಪ ಇಲ್ಲಿ ಕೂತು ಉಂಡು ಹೋಗಿದ್ದಾನೆ. ಅವಳಿಗೆ ಗೊತ್ತೇ ಇರಲಿಲ್ಲ. ಉತ್ತರ ಕೊಡಬೇಕಲ್ಲ, ಬಾಯಿ ತೆರೆದಳು.

"ಅಪ್ಪ ಸತ್ತೋದ ಕಣಮ್ಮ."

ಹೇಳಿದ ದನಿ ಚಿಕ್ಕ ಹುಡುಗಿಯದಾಗಿತ್ತು. ಅದನ್ನು ಕೇಳಿಸಿಕೊಂಡವಳು ಅವಳೇ ಮೊದಲು. ಮತ್ತೆ ಹೇಳಿದಳು, ಅಪ್ಪ ಸತ್ತೋದ, ನಮ್ಮಪ್ಪ ಸತ್ತೋದ ಎಂದು, ಯಾರೂ ಕೇಳದಿದ್ದರೂ ಹೇಳಿದಳು. ಬೆಂಚು ಹಿಡಿದುಕೊಂಡು ನೆಲಕ್ಕೆ ಕೂತಳು. ಆಸ್ಪತ್ರೆಯೆಂದು ನೋಡಲಿಲ್ಲ, ಜನರೆಂದು ನೋಡಲಿಲ್ಲ, ಬಾಯಿ ಬಿಟ್ಟು ಅತ್ತಳು. ಒಳಗಿನಿಂದ ಯಾರೋ ಸದ್ದು ಮಾಡಬೇಡಿ ಎಂದು ಬಂದವರನ್ನು ಈರಕ್ಕ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಅಳಲಿ ಬಿಡಿ ಎಂದಳು, ಈಗ ಗೊತ್ತಾಗೈತೆ ಅವಳಿಗೆ.